ಅಪ್ಪ ಅಮ್ಮನನ್ನು ಕೂರಿಸಿಕೊಂಡು ಹೊರಡುವ ಮೊದಲು

"ಅಕ್ಕಾ, ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ಗೆ ಬಂದು ನಾಲ್ಕು ತಿಂಗಳಾಯ್ತು. ಡಿಸೆಂಬರ್‌ನಲ್ಲಿ ಅಪ್ಪ ಅಮ್ಮ ಬರ್ತಿದ್ದಾರೆ. ಮೋಟರ್‌ಹೋಮ್ (ಅಡುಗೆಮನೆ, ಹಾಸಿಗೆ ಎಲ್ಲ ಒಳಗೇ ಇರೋ ಗಾಡಿ) ಬಾಡಿಗೆಗೆ ತಗೊಂಡು ಹತ್ತು ದಿನ ದಕ್ಷಿಣ ದ್ವೀಪ ಸುತ್ತಿಸೋಣ ಅಂತ ಆಸೆ. ನಮ್ಮನೆಯವರಿಗೆ ಡ್ರೈವಿಂಗ್ ಬರಲ್ಲ. ನನಗೆ ಲೈಸೆನ್ಸ್ ಇದೆ, ಆದರೆ ಓಡಿಸಿದ್ದು ಕಡಿಮೆ. ಅಷ್ಟು ದೊಡ್ಡ ಗಾಡಿ ನನ್ನ ಕೈಲಿ ಆಗುತ್ತಾ?" ಅಂತ ಕೇಳಿದ್ದೀರಿ.

ಆಗುತ್ತೆ. ಖಂಡಿತ ಆಗುತ್ತೆ. ಆದರೆ ಡಿಸೆಂಬರ್‌ನಲ್ಲಿ, ಅಪ್ಪ ಅಮ್ಮ ಹಿಂದಿನ ಸೀಟಿನಲ್ಲಿ ಕೂತಿರುವಾಗ, ಮೊದಲ ಸಲ ಆ ಸ್ಟೇರಿಂಗ್ ಹಿಡಿಯಬೇಡಿ. ನಾನು ಹೇಳಬೇಕಾದ ಮುಖ್ಯ ಮಾತು ಇದೊಂದೇ. ಉಳಿದದ್ದೆಲ್ಲ ಅದಕ್ಕೆ ವಿವರಣೆ.

ಹದಿನಾಲ್ಕು ವರ್ಷದ ಹಿಂದೆ ನಾನು ಇಲ್ಲಿಗೆ ಬಂದಾಗ ನಿಮ್ಮಂತೆಯೇ ಇದ್ದೆ. ಎರಡನೇ ಬೇಸಿಗೆಗೆ ಅತ್ತೆ ಮಾವ ಬಂದರು, ಮೋಟರ್‌ಹೋಮ್ ಗೊತ್ತು ಮಾಡಿದೆವು. ಗಾಡಿ ಕೈಗೆ ಸಿಕ್ಕಿದ್ದು ಮಧ್ಯಾಹ್ನ ಎರಡು ಗಂಟೆಗೆ. ಕತ್ತಲಾಗುವುದರೊಳಗೆ ಟೆಕಾಪೊ ಸರೋವರ ಸೇರಬೇಕು ಎಂದು ಹೊರಟೆವು. 225 ಕಿಲೋಮೀಟರ್, ಕಾರಿನಲ್ಲಾದರೆ ಮೂರು ಗಂಟೆಯ ದಾರಿ. ಊರು ದಾಟುವ ಮೊದಲೇ ಡೀಸೆಲ್ ಹಾಕಿಸಲು ಒಂದು ಬಂಕ್‌ಗೆ ನುಗ್ಗಿಸಿದೆ. ಪಂಪು ನನ್ನ ಬಲಕ್ಕೆ ಇತ್ತು. ಡೀಸೆಲ್ ಹಾಕಿಸಿಕೊಂಡು, ಹೊರಗೆ ಹೋಗಲು ಸ್ಟೇರಿಂಗನ್ನು ಒಂದೇ ಸಲಕ್ಕೆ ಪೂರ್ತಿ ಎಡಕ್ಕೆ ತಿರುಗಿಸಿದೆ. ಮುಂದೆ ಎಲ್ಲ ಸರಿಯಾಗಿತ್ತು. ಹಿಂದೆ ಕರ್ ಎಂದು ಸದ್ದಾಯಿತು. ಪಂಪಿನ ರಕ್ಷಣೆಗೆ ನೆಟ್ಟಿದ್ದ ಹಳದಿ ಕಬ್ಬಿಣದ ಕಂಬ ಗಾಡಿಯ ಬಲ ಹಿಂಬದಿ ಮೂಲೆಯನ್ನು ಮೊಳದುದ್ದ ಸೀಳಿತ್ತು. ಮಾವನವರು ಒಂದು ಮಾತೂ ಆಡಲಿಲ್ಲ. ಅವರ ಆ ಮೌನ ನನಗೆ ಇವತ್ತಿಗೂ ಮರೆತಿಲ್ಲ.

ಆದದ್ದು ಏನೆಂದರೆ, ಈ ಗಾಡಿಗಳ ಮೈ ಹಿಂದಿನ ಚಕ್ರದಿಂದಾಚೆಗೂ ಎರಡು ಮೀಟರಿನಷ್ಟು ಚಾಚಿಕೊಂಡಿರುತ್ತದೆ. ಮೂತಿ ಎಡಕ್ಕೆ ಹೊರಳಿದರೆ ಬಾಲ ಬಲಕ್ಕೆ ಬೀಸುತ್ತದೆ. ಕಾರಿನಲ್ಲಿ ಹಿಂದಿನ ಚಕ್ರದಾಚೆ ಅಷ್ಟು ಮೈ ಇರುವುದಿಲ್ಲ, ಹಾಗಾಗಿ ಅದು ನಮ್ಮ ಲೆಕ್ಕಕ್ಕೇ ಬರುವುದಿಲ್ಲ. ಕಂಬ, ಗೋಡೆ, ಪಕ್ಕದ ಗಾಡಿ ಹತ್ತಿರ ಇದ್ದರೆ ಮೊದಲು ನೇರವಾಗಿ ಮುಂದಕ್ಕೆ ಹೋಗಿ, ಹಿಂದಿನ ಚಕ್ರ ಆ ಕಂಬವನ್ನು ದಾಟಿ ಅರ್ಧ ಗಾಡಿಯಷ್ಟು ಮುಂದೆ ಬಂದ ಮೇಲೆ ನಿಧಾನವಾಗಿ ತಿರುಗಿಸಿ. ಒಂದು ಕಣ್ಣು ತಿರುವಿನ ಕಡೆಯ ಕನ್ನಡಿಯಲ್ಲಿ, ಇನ್ನೊಂದು ಅದರ ಎದುರು ಬದಿಯ ಕನ್ನಡಿಯಲ್ಲಿ. ಇದನ್ನು ಓದಿ ಕಲಿಯಲಾಗದು, ಖಾಲಿ ಜಾಗದಲ್ಲಿ ಮಾಡಿ ನೋಡಬೇಕು.

ಲೈಸೆನ್ಸಿನ ವಿಷಯ ಬೇಗ ಮುಗಿಸುತ್ತೇನೆ. ನ್ಯೂಜಿಲೆಂಡಿನಲ್ಲಿ ಸಾಮಾನ್ಯ ಕಾರಿನ ಲೈಸೆನ್ಸ್, ಅಂದರೆ ಕ್ಲಾಸ್ 1, ಇದ್ದರೆ 6000 ಕಿಲೋವರೆಗಿನ ಗಾಡಿ ಓಡಿಸಬಹುದು. ಬಾಡಿಗೆಗೆ ಸಿಗುವ ಮೋಟರ್‌ಹೋಮ್‌ಗಳು ಅದರೊಳಗೇ ಬರುತ್ತವೆ. ನಮ್ಮ ದೇಶ ಇಲ್ಲಿಯ ವಿನಾಯಿತಿ ಪಟ್ಟಿಯಲ್ಲಿ ಇಲ್ಲದ ಕಾರಣ ನಮ್ಮ ಲೈಸೆನ್ಸ್ ಬದಲಾಯಿಸಿಕೊಳ್ಳಲು ಥಿಯರಿ, ಪ್ರಾಕ್ಟಿಕಲ್ ಎರಡೂ ಪರೀಕ್ಷೆ ಕೊಡಬೇಕು. ಕೊಡಲೇಬೇಕಾದ ಪರೀಕ್ಷೆ, ಡಿಸೆಂಬರ್‌ಗೆ ಮೊದಲೇ ಕೊಟ್ಟುಬಿಡಿ. ಅದಕ್ಕಾಗಿ ಒಬ್ಬ ಬೋಧಕರ ಹತ್ತಿರ ನಾಲ್ಕೈದು ಪಾಠ ತೆಗೆದುಕೊಂಡರೆ ಇಲ್ಲಿಯ ವೃತ್ತಗಳು, ಬಲಗಡೆಯವರಿಗೆ ದಾರಿ ಬಿಡುವುದು, ಪ್ರತಿ ತಿರುವಿಗೂ ಇಂಡಿಕೇಟರ್ ಹಾಕುವುದು ಎಲ್ಲ ಮೈಗೆ ಹತ್ತುತ್ತದೆ. ಇಲ್ಲೂ ರಸ್ತೆಯ ಎಡಬದಿಯೇ, ಸ್ಟೇರಿಂಗೂ ಬಲಗಡೆಯೇ. ಅಷ್ಟರ ಮಟ್ಟಿಗೆ ನೀವು ಬೇರೆ ಎಷ್ಟೋ ಪ್ರವಾಸಿಗರಿಗಿಂತ ಮುಂದಿದ್ದೀರಿ.

ಇನ್ನು ಅಭ್ಯಾಸ. ಅಕ್ಟೋಬರ್‌ನಲ್ಲೋ ನವೆಂಬರ್‌ನಲ್ಲೋ ಎರಡು ರಾತ್ರಿಗೆ ಒಂದು ಮೋಟರ್‌ಹೋಮ್ ತೆಗೆದುಕೊಳ್ಳಿ. ದುಡ್ಡು ದಂಡ ಅನಿಸಬಹುದು, ಖಂಡಿತ ಅಲ್ಲ. ಡಿಸೆಂಬರ್‌ನಲ್ಲಿ ಯಾವ ಅಳತೆಯ ಗಾಡಿ ಬೇಕೋ ಅದೇ ಅಳತೆಯದ್ದು, ಆಟೊಮ್ಯಾಟಿಕ್ ಗೇರ್‌ನದ್ದು ಕೇಳಿ. ನಾಲ್ಕು ಜನಕ್ಕೆ ಸುಮಾರು ಏಳು ಮೀಟರ್ ಉದ್ದ, ಮೂರು ಮೀಟರ್ ಮೀರಿದ ಎತ್ತರ ಇರುತ್ತದೆ. ಆ ಎತ್ತರವನ್ನು ಗಾಡಿ ತೆಗೆದುಕೊಂಡ ತಕ್ಷಣ ಒಂದು ಚೀಟಿಯಲ್ಲಿ ಬರೆದು ಸ್ಟೇರಿಂಗಿನ ಎದುರೇ ಅಂಟಿಸಿ. ದಣಿದಾಗ ನಮಗೆ ನಾವು ಕಾರಿನಲ್ಲಿದ್ದೇವೆ ಅನಿಸಿಬಿಡುತ್ತದೆ, ಕೈ ತಾನಾಗಿ ಸೂಪರ್‌ಮಾರ್ಕೆಟಿನ ಪಾರ್ಕಿಂಗ್ ಕಟ್ಟಡದ ಕಡೆ ತಿರುಗುತ್ತದೆ. ಚಾವಣಿಗೆ, ತಳಕ್ಕೆ ಆದ ಹಾನಿಯನ್ನು ಬಾಡಿಗೆ ವಿಮೆ ಬಹಳ ಸಲ ಭರಿಸುವುದಿಲ್ಲ. ಸಹಿ ಹಾಕುವ ಮೊದಲು ಆ ಪುಟವನ್ನೂ, ಟಾರಿಲ್ಲದ ರಸ್ತೆಗಳ ಬಗ್ಗೆ ಬರೆದ ಪುಟವನ್ನೂ ಕೂತು ಓದಿ.

ಭಾನುವಾರ ಬೆಳಗ್ಗೆ ಏಳು ಗಂಟೆಗೆ ದೊಡ್ಡದೊಂದು ಪಾರ್ಕಿಂಗ್ ಜಾಗ ಹುಡುಕಿ. ಎರಡು ಪ್ಲಾಸ್ಟಿಕ್ ಬಕೆಟ್ ಒಯ್ಯಿರಿ. ಒಂದನ್ನು ಗಾಡಿಯ ಹಿಂದಿನ ಮೂಲೆಯ ಪಕ್ಕದಲ್ಲಿ ಒಂದು ಅಡಿ ಬಿಟ್ಟು ಇಟ್ಟು, ಸ್ಟೇರಿಂಗ್ ತಿರುಗಿಸಿ, ಬಾಲ ಹೇಗೆ ಹೋಗಿ ಅದನ್ನು ಬೀಳಿಸುತ್ತದೆ ಎಂದು ಕನ್ನಡಿಯಲ್ಲಿ ನೋಡಿ. ನಾಲ್ಕು ಸಲ ಬೀಳಿಸಿದ ಮೇಲೆ ಐದನೇ ಸಲ ಬೀಳಿಸುವುದಿಲ್ಲ. ಆಮೇಲೆ ಎರಡು ಬಕೆಟ್‌ಗಳ ನಡುವೆ ರಿವರ್ಸ್ ತೆಗೆಯಿರಿ. ಹಿಂದಿನ ಗಾಜಿನಲ್ಲಿ ಏನೂ ಕಾಣದು, ಕ್ಯಾಮೆರಾ ಇದ್ದರೂ ಅದು ನೆಲ ತೋರಿಸುತ್ತದೆಯೇ ಹೊರತು ಮೇಲಿನ ಮರದ ಕೊಂಬೆ ತೋರಿಸುವುದಿಲ್ಲ. ಅದಕ್ಕೇ ನಿಮ್ಮ ಯಜಮಾನರನ್ನು ಕೆಳಗೆ ಇಳಿಸಿ. ಡ್ರೈವಿಂಗ್ ಬರದಿದ್ದರೂ ಈ ಪ್ರವಾಸದಲ್ಲಿ ಅವರ ಕೆಲಸ ನಿಮ್ಮಷ್ಟೇ ದೊಡ್ಡದು. ನಮ್ಮ ಮನೆಯಲ್ಲಿ ಒಂದು ನಿಯಮ ಇದೆ: ಹಿಂದೆ ನಿಂತವರ ಮುಖ ಕನ್ನಡಿಯಲ್ಲಿ ಕಾಣದಿದ್ದರೆ ಗಾಡಿ ನಿಲ್ಲುತ್ತದೆ. ಅವರು ಕೂಗುವುದಿಲ್ಲ, ಕೈ ಮಾತ್ರ ತೋರಿಸುತ್ತಾರೆ. ಅಂಗೈ ಎದುರಿಗೆ ಹಿಡಿದರೆ ನಿಲ್ಲಿಸು. ಅಷ್ಟೇ. ರಾತ್ರಿ ಗಾಡಿ ನಿಲ್ಲಿಸಿ ಉಳಿಯುವ ಕ್ಯಾಂಪ್‌ಗ್ರೌಂಡಿನಲ್ಲಿ ಗಂಡ ಹೆಂಡತಿ ಜಗಳ ಆಡುವುದು ಬಹುಪಾಲು ಈ ರಿವರ್ಸ್ ಸಮಯದಲ್ಲೇ, ಈ ನಿಯಮ ಬಂದ ಮೇಲೆ ನಮ್ಮಲ್ಲಿ ಅದು ನಿಂತಿತು.

ಅವತ್ತೇ ಜೆರಾಲ್ಡೀನ್‌ವರೆಗೆ ಹೋಗಿ ಒಂದು ರಾತ್ರಿ ಉಳಿದು ಬನ್ನಿ. ಸಪಾಟು ರಸ್ತೆ. ಆದರೆ ದಾರಿಯಲ್ಲಿ ರಕಾಯಾ ನದಿಯ ಸೇತುವೆ ಬರುತ್ತದೆ, ಒಂದೂಮುಕ್ಕಾಲು ಕಿಲೋಮೀಟರ್ ಉದ್ದ, ದೇಶದ ಅತಿ ಉದ್ದದ ರಸ್ತೆ ಸೇತುವೆ. ಕ್ಯಾಂಟರ್‌ಬರಿ ಬಯಲಿನಲ್ಲಿ ವಾಯವ್ಯ ದಿಕ್ಕಿನಿಂದ ಬಿಸಿಗಾಳಿ ಬೀಸುವ ದಿನ ಅಲ್ಲಿ ಗಾಡಿಯನ್ನು ಯಾರೋ ಭುಜ ಕೊಟ್ಟು ತಳ್ಳಿದಂತಾಗುತ್ತದೆ. ಎದುರಿನಿಂದ ಲಾರಿ ಬಂದು ಹಾದುಹೋದರೆ ಗಾಳಿ ಒಂದು ಕ್ಷಣ ತಡೆದು ಮತ್ತೆ ಹೊಡೆಯುತ್ತದೆ. ಆ ಒಂದು ಕ್ಷಣಕ್ಕೆ ಹೊಸಬರು ಸ್ಟೇರಿಂಗನ್ನು ಹೆಚ್ಚು ತಿರುಗಿಸಿಬಿಡುತ್ತಾರೆ. ವೇಗ ಇಳಿಸಿ, ಎರಡೂ ಕೈಯಲ್ಲಿ ಹಿಡಿದು, ಹತ್ತಿರ ನೋಡದೆ ದೂರದ ರಸ್ತೆ ನೋಡಿ. ಗಾಳಿಯ ಎಚ್ಚರಿಕೆ ಇರುವ ದಿನ ಹೊರಡಲೇಬೇಡಿ.

ವೇಗದ ಬಗ್ಗೆ ಒಂದು ಮಾತು. ಹೆದ್ದಾರಿಯ ಮಿತಿ ಸಾಮಾನ್ಯವಾಗಿ ಗಂಟೆಗೆ 100. ಆದರೆ 3500 ಕಿಲೋ ಮೀರಿದ ಗಾಡಿಗೆ 90. ನಿಮ್ಮದು ಯಾವುದು ಎಂದು ಗಾಡಿ ಕೊಡುವವರನ್ನೇ ಕೇಳಿ. ಅದು ಮಿತಿ ಮಾತ್ರ, ತಿರುವಿನ ರಸ್ತೆಯಲ್ಲಿ 70 ಸಾಕು. ಆಗ ಹಿಂದೆ ಕಾರುಗಳು ಸಾಲುಗಟ್ಟುತ್ತವೆ. ಹೊಸಬರ ಕೈ ನಡುಗುವುದು ಈ ಹೊತ್ತಿಗೆ. ಹಿಂದಿನವರಿಗೆ ತೊಂದರೆಯಾಗುತ್ತಿದೆ ಎಂಬ ಸಂಕೋಚಕ್ಕೆ ನಾವು ವೇಗ ಹೆಚ್ಚಿಸುತ್ತೇವೆ, ತಿರುವಿನಲ್ಲಿ ಹತೋಟಿ ಕಳೆದುಕೊಳ್ಳುತ್ತೇವೆ. ವೇಗ ಹೆಚ್ಚಿಸಬೇಡಿ, ಪಕ್ಕಕ್ಕೆ ಬನ್ನಿ. ನಿಧಾನದ ವಾಹನಗಳಿಗೆಂದೇ ರಸ್ತೆ ಪಕ್ಕದಲ್ಲಿ ಅಗಲ ಮಾಡಿರುತ್ತಾರೆ, ಮುಂಚೆಯೇ ಫಲಕ ಹಾಕಿರುತ್ತಾರೆ. ಇಂಡಿಕೇಟರ್ ಹಾಕಿ ಎಡಕ್ಕೆ ಸರಿದು ಎಲ್ಲರನ್ನೂ ಬಿಟ್ಟು ಮತ್ತೆ ಹೊರಡಿ. ದಾಟಿಹೋಗುವವರು ಹಾರ್ನ್ ಸಣ್ಣಗೆ ಎರಡು ಸಲ ಒತ್ತಿದರೆ ಅದು ಥ್ಯಾಂಕ್ಸ್. ನಮ್ಮ ಕಡೆ ಹಾರ್ನ್ ಅಂದರೆ ‘ನಾನು ಇದ್ದೇನೆ’ ಎಂದು ತಿಳಿಸುವುದು, ಇಲ್ಲಿ ಉದ್ದಕ್ಕೆ ಒತ್ತಿದರೆ ಬೈದಂತೆ. ದೀಪ ಮಿನುಗಿಸುವುದೂ ಹಾಗೇ. ನಮ್ಮಲ್ಲಿ ‘ನಾನು ಬರ್ತಿದ್ದೀನಿ, ನಿಲ್ಲು’ ಅಂತ. ಇಲ್ಲಿ ಸಾಮಾನ್ಯವಾಗಿ ‘ನೀವು ಮೊದಲು ಬನ್ನಿ’ ಅಂತ.

ಒಂದೇ ಗಾಡಿ ಹಿಡಿಸುವ ಸೇತುವೆಗಳಲ್ಲಿ ಇದು ಬಹಳ ಮುಖ್ಯ. ಪಶ್ಚಿಮ ಕರಾವಳಿಗೆ ಹೋದರೆ ಇಂಥವು ಸಾಲುಸಾಲಾಗಿ ಸಿಗುತ್ತವೆ. ಕೆಂಪು ಅಂಚಿನ ದುಂಡು ಫಲಕ ಕಂಡರೆ ಎದುರಿನವರಿಗೆ ನೀವು ದಾರಿ ಬಿಡಬೇಕು. ನೀಲಿ ಫಲಕದಲ್ಲಿ ದೊಡ್ಡ ಬಿಳಿ ಬಾಣ ಕಂಡರೆ ಹಕ್ಕು ನಿಮ್ಮದು. ಹಕ್ಕು ನಿಮ್ಮದಾದರೂ ಎದುರಿನವರು ಆಗಲೇ ಸೇತುವೆ ಮೇಲಿದ್ದರೆ ನಿಲ್ಲಿ. ಏಳು ಮೀಟರಿನ ಗಾಡಿಯನ್ನು ಸೇತುವೆ ಮೇಲಿಂದ ರಿವರ್ಸ್ ತೆಗೆಯುವ ಪ್ರಸಂಗ ಯಾರಿಗೂ ಬೇಡ.

ಘಾಟಿ ಇಳಿಯುವುದನ್ನು ನಾನು ಹೆಚ್ಚು ಒತ್ತಿ ಹೇಳಬೇಕು. ಅಪ್ಪ ಅಮ್ಮನಿಗೆ ಆರ್ಥರ್ಸ್ ಪಾಸ್ ಘಾಟಿ ತೋರಿಸಬೇಕು ಅಂದಿದ್ದೀರಿ. ಕಣಿವೆಯ ಮೇಲೆ 440 ಮೀಟರ್ ಉದ್ದದ ಓಟಿರಾ ಮೇಲುಸೇತುವೆ 1999ರಲ್ಲಿ ಆದ ಮೇಲೆ ಆ ದಾರಿ ಎಷ್ಟೋ ಸಲೀಸಾಗಿದೆ, ಆದರೂ ಪಶ್ಚಿಮದ ಕಡೆಗೆ ಕಡಿದಾದ ಇಳಿಜಾರು. ಕಾರಿನಲ್ಲಿ ಬ್ರೇಕ್ ಒತ್ತಿಕೊಂಡೇ ಇಳಿಯಬಹುದು. ಮೂರೂವರೆ ಟನ್ ಗಾಡಿಯಲ್ಲಿ ಹಾಗೆ ಮಾಡಿದರೆ ಬ್ರೇಕ್ ಕಾದು, ಸುಟ್ಟ ವಾಸನೆ ಬಂದು, ಕೊನೆಗೆ ಹಿಡಿಯುವುದೇ ಇಲ್ಲ. ಇಳಿಜಾರು ಶುರುವಾಗುವ ಮೊದಲೇ ಕೆಳಗಿನ ಗೇರ್‌ಗೆ ಬನ್ನಿ. ಆಟೊಮ್ಯಾಟಿಕ್‌ನಲ್ಲೂ ಗೇರನ್ನು ಕೈಯಿಂದ ಇಳಿಸಲು ಬರುತ್ತದೆ, ಹೇಗೆಂದು ಗಾಡಿ ಪಡೆಯುವಾಗಲೇ ತೋರಿಸಿಕೊಳ್ಳಿ. ಎಂಜಿನ್ ಜೋರಾಗಿ ಗುಂಯ್‌ಗುಡುತ್ತದೆ, ಹೆದರಬೇಡಿ, ಎಂಜಿನ್ನೇ ಗಾಡಿಯನ್ನು ಹಿಡಿದಿಟ್ಟಿದೆ ಎಂದು ಅರ್ಥ. ಬ್ರೇಕನ್ನು ಒತ್ತಿ, ಕಾಲು ತೆಗೆಯಿರಿ, ಮತ್ತೆ ಒತ್ತಿ, ಮತ್ತೆ ತೆಗೆಯಿರಿ.

ವಾನಕಾದಿಂದ ಕ್ವೀನ್ಸ್‌ಟೌನ್‌ಗೆ ಹೋಗುವಾಗ ಮ್ಯಾಪು ನಿಮ್ಮನ್ನು ಕ್ರೌನ್ ರೇಂಜ್ ಹತ್ತಿಸಲು ನೋಡುತ್ತದೆ. 1076 ಮೀಟರ್ ಎತ್ತರ, ಕ್ವೀನ್ಸ್‌ಟೌನ್ ಕಡೆ ಹಾವಿನಂಥ ತಿರುವುಗಳು. ಮೊದಲ ಪ್ರವಾಸಕ್ಕೆ ಅದು ಬೇಡ. ಕ್ರಾಮ್‌ವೆಲ್ ಮೇಲೆ ಬಂದರೆ ಸ್ವಲ್ಪ ಸುತ್ತು, ಆದರೆ ಕವರೌ ಕಣಿವೆಯ ಚೆಂದದ ರಸ್ತೆ. ಮಿಲ್ಫರ್ಡ್ ಸೌಂಡ್‌ಗೆ ಟೆ ಅನಾವ್‌ನಲ್ಲಿ ಗಾಡಿ ಬಿಟ್ಟು ಬಸ್ಸಿನಲ್ಲಿ ಹೋಗಿಬನ್ನಿ. ಆ ದಾರಿಯಲ್ಲಿ 1954ರಲ್ಲಿ ತೆರೆದ ಹೋಮರ್ ಸುರಂಗ, ಅದರಾಚೆಯ ಇಳಿಜಾರು, ಜೊತೆಗೆ ಇಲ್ಲಿಯ ಡಿಸೆಂಬರ್ ಬೇಸಿಗೆಯ ದಟ್ಟಣೆ. ಆ ದಿನವಾದರೂ ನೀವೂ ಕಿಟಕಿಯಿಂದ ಬೆಟ್ಟ ನೋಡಬೇಕಲ್ಲ.

ಮ್ಯಾಪು ಮೂರು ಗಂಟೆ ಅಂದರೆ ನೀವು ಐದು ಎಂದುಕೊಳ್ಳಿ. ದಿನಕ್ಕೆ 200 ಕಿಲೋಮೀಟರ್ ಮೀರಬೇಡಿ. ಡಿಸೆಂಬರ್‌ನಲ್ಲಿ ದಕ್ಷಿಣದಲ್ಲಿ ರಾತ್ರಿ ಒಂಬತ್ತರ ಮೇಲೂ ಬೆಳಕಿರುತ್ತದೆ, ಹಾಗೆಂದು ಒಂಬತ್ತರವರೆಗೆ ಓಡಿಸಬೇಡಿ. ನಾಲ್ಕು ಗಂಟೆಗೆ ಕ್ಯಾಂಪ್‌ಗ್ರೌಂಡ್ ಸೇರಿದರೆ ಜಾಗ ಖಾಲಿ ಇರುತ್ತದೆ, ರಿವರ್ಸ್ ತೆಗೆಯುವಾಗ ನೋಡುವ ಜನವೂ ಕಡಿಮೆ.

ಬೆಳಗ್ಗೆ ಹೊರಡುವ ಮೊದಲು ಗಾಡಿಗೆ ಒಂದು ಪ್ರದಕ್ಷಿಣೆ. ಕರೆಂಟಿನ ಕೇಬಲ್ ಬಿಚ್ಚಿದೆಯಾ, ಗ್ಯಾಸ್ ಬಂದ್ ಆಗಿದೆಯಾ, ಮೆಟ್ಟಿಲು ಒಳಗೆ ಹೋಗಿದೆಯಾ, ಚಾವಣಿಯ ಕಿಂಡಿ ಮುಚ್ಚಿದೆಯಾ. ನಾನು ಪ್ರತಿಯೊಂದನ್ನೂ ಕೈಯಿಂದ ಮುಟ್ಟುತ್ತೇನೆ, ಕಣ್ಣನ್ನು ನಂಬುವುದಿಲ್ಲ. ಒಳಗೆ ಕಪಾಟಿನ ಚಿಲಕಗಳನ್ನು ಅಮ್ಮನಿಗೆ ವಹಿಸಿ. ನಮ್ಮ ಮೊದಲ ಪ್ರವಾಸದಲ್ಲಿ ಎರಡನೇ ವೃತ್ತ ತಿರುಗುವಾಗ ಮೇಲಿನ ಕಪಾಟು ತೆರೆದು ಕುಕ್ಕರ್ ಧಡಾರನೆ ಬಿತ್ತು, ನಾನು ಯಾವುದೋ ಕಾರಿಗೆ ಗುದ್ದಿದೆ ಎಂದೇ ತಿಳಿದು ರಸ್ತೆ ಮಧ್ಯೆ ನಿಲ್ಲಿಸಿಬಿಟ್ಟೆ. ಭಾರದ ಪಾತ್ರೆಗಳು ಕೆಳಗಿನ ಕಪಾಟಿನಲ್ಲಿರಲಿ, ನಡುವೆ ಟವೆಲ್ ತುರುಕಿ. ಗಾಡಿ ಓಡುವಾಗ ಯಾರೂ ಏಳಬಾರದು, ಎಲ್ಲರೂ ಬೆಲ್ಟ್ ಹಾಕಿಕೊಂಡಿರಬೇಕು. ಅಪ್ಪನಿಗೆ ನೀರು ಬೇಕೆಂದರೆ ಗಾಡಿ ನಿಲ್ಲಿಸಿ ಕೊಡಿ. ಹಿರಿಯರಿಗೆ ಇದನ್ನು ಹೇಳುವುದು ಕಷ್ಟ, ಮೊದಲ ದಿನವೇ ಹೇಳಿಬಿಡಿ.

ನಿಮ್ಮ ಅಕ್ಟೋಬರ್ ಗಾಡಿಯ ದಿನಾಂಕ ಗೊತ್ತಾದ ಮೇಲೆ ನನಗೆ ತಿಳಿಸಿ. ಭಾನುವಾರ ಬೆಳಗ್ಗೆ ಬಕೆಟ್ ನಾನೇ ತರುತ್ತೇನೆ, ಹಿಂದೆ ನಿಂತು ಕೈಯನ್ನೂ ತೋರಿಸುತ್ತೇನೆ. ನಿಮ್ಮ ಯಜಮಾನರೂ ಬರಲಿ, ಕನ್ನಡಿಯಲ್ಲಿ ಕಾಣುವಂತೆ ಎಲ್ಲಿ ನಿಲ್ಲಬೇಕೆಂದು ಅವರಿಗೂ ಅಲ್ಲೇ ತೋರಿಸಿಕೊಡೋಣ.