ಎಂಟು ಹಾಕುವಾಗ ಕಾಲೂರದಿರಲು

ಪ್ರಶ್ನೆ: ಎಲ್‌ಎಲ್‌ಆರ್ (ಕಲಿಕಾ ಪರವಾನಗಿ) ಬಂದಿದೆ. ಗೇರ್ ಬೈಕಿನಲ್ಲಿ ಎಂಟು ಹಾಕುವಾಗ, ಅಂದರೆ 8ರ ಆಕಾರದಲ್ಲಿ ಓಡಿಸುವಾಗ, ಪ್ರತಿ ಸಲವೂ ಕಾಲು ನೆಲಕ್ಕೆ ಊರುತ್ತೇನೆ. ಡಿಎಲ್ (ಚಾಲನಾ ಪರವಾನಗಿ) ಪರೀಕ್ಷೆಗೆ ಹೇಗೆ ಸಿದ್ಧಳಾಗಲಿ?

ಉತ್ತರ: ಎಲ್‌ಎಲ್‌ಆರ್ ದೊರೆತ 30 ದಿನಗಳ ನಂತರ, ಅದರ 6 ತಿಂಗಳ ಅವಧಿ ಮುಗಿಯುವುದರೊಳಗೆ ಪರೀಕ್ಷೆಗೆ ಹೋಗಬಹುದಾದ್ದರಿಂದ ದಯವಿಟ್ಟು ಆತುರಪಡಬೇಡಿ. ಮುಂದಿನ ಚಕ್ರವನ್ನೇ ನೋಡುತ್ತ ಓಡಿಸಿದರೆ ತೋಲ ತಪ್ಪುತ್ತದೆ; ದೃಷ್ಟಿ ಸದಾ ತಿರುವಿನ ಆಚೆಗಿರಲಿ. ಖಾಲಿ ಮೈದಾನದಲ್ಲಿ ಸುಣ್ಣದಿಂದ ಎಂಟನ್ನು ಬರೆದುಕೊಂಡು, ಮೊದಲ ಗೇರಿನಲ್ಲಿ ಕ್ಲಚ್ಚನ್ನು ಅರ್ಧ ಹಿಡಿದು, ಮುಂದಿನ ಬ್ರೇಕನ್ನು ಮುಟ್ಟದೆ, ಹಿಂದಿನದನ್ನು ಮೆಲ್ಲಗೆ ಒತ್ತುತ್ತ, ಮೊಣಕಾಲುಗಳನ್ನು ಟ್ಯಾಂಕಿಗೆ ಒತ್ತಿಕೊಂಡು ದಿನವೂ ಸುತ್ತಿರಿ. ಅಭ್ಯಾಸದಲ್ಲೂ ಹೆಲ್ಮೆಟ್ ಧರಿಸಲೇಬೇಕು, ಇದರಲ್ಲಿ ವಿನಾಯಿತಿಯನ್ನು ನಾನು ಒಪ್ಪುವುದಿಲ್ಲ. ರಸ್ತೆಗಿಳಿಯುವಾಗ ಬಿಳಿ ಹಿನ್ನೆಲೆಯ ಮೇಲೆ ಕೆಂಪು ‘ಎಲ್’ ಅಕ್ಷರವಿರುವ ಫಲಕ ಬೈಕಿನ ಹಿಂದೆ ಮುಂದೆ ಇರಬೇಕು.