ಕೇಳಿದ್ದಕ್ಕಷ್ಟೇ ಉತ್ತರ

ಓದುಗರ ಪತ್ರ: ಮ್ಯಾಜಿಕ್: ದಿ ಗ್ಯಾದರಿಂಗ್ ಎಂಬ ಕಾರ್ಡ್ ಆಟದ ಟೂರ್ನಮೆಂಟಿನಲ್ಲಿ ಎದುರಾಳಿ ಹತ್ತಿರ 2/3 (ಶಕ್ತಿ 2, ತಾಳುವ ಬಲ 3) ಟಾರ್ಮೊಗೋಯಿಫ್ ಎಂಬ ಕ್ರೀಚರ್ ಇತ್ತು. ಇಬ್ಬರ ಗ್ರೇವ್‌ಯಾರ್ಡ್ (ಬಳಸಿ ಮುಗಿದ, ಸತ್ತ ಕಾರ್ಡುಗಳ ರಾಶಿ) ಸೇರಿ ಲ್ಯಾಂಡ್ ಮತ್ತು ಕ್ರೀಚರ್ ಕಾರ್ಡುಗಳಷ್ಟೇ ಇದ್ದವು. ‘ಇದರ ಮೇಲೆ ಲೈಟ್ನಿಂಗ್ ಬೋಲ್ಟ್ ಕಾರ್ಡ್ ಹಾಕಬಹುದಾ?’ ಎಂದು ಜಡ್ಜನ್ನು ಕೇಳಿದೆ. ‘ಹಾಕಬಹುದು’ ಎಂದರು. ಹಾಕಿದೆ. ಅದು ಸಾಯಲಿಲ್ಲ, ನಾನು ಸೋತೆ. ಸಾಯಲ್ಲ ಅಂತ ಅವರಿಗೆ ಗೊತ್ತೇ ಇತ್ತು. ಒಂದು ಮಾತು ಹೇಳಿದ್ದರೆ ಅವರ ಗಂಟೇನು ಹೋಗುತ್ತಿತ್ತು?

ಸಂಪಾದಕರ ಉತ್ತರ: ಅವರ ಗಂಟು ಹೋಗುತ್ತಿರಲಿಲ್ಲ, ನಿಜ. ನಿಮ್ಮ ಎದುರು ಕೂತವರ ಗಂಟು ಹೋಗುತ್ತಿತ್ತು.

ಮೊದಲು ಮೇಜಿನ ಮೇಲೆ ಆಗಿದ್ದೇನು ನೋಡೋಣ. ಎಲ್ಲರ ಗ್ರೇವ್‌ಯಾರ್ಡುಗಳಲ್ಲಿ ಎಷ್ಟು ಬಗೆಯ ಕಾರ್ಡುಗಳಿವೆಯೋ ಅಷ್ಟು ಟಾರ್ಮೊಗೋಯಿಫ್‌ನ ಶಕ್ತಿ. ತಾಳುವ ಬಲ ಅದಕ್ಕಿಂತ ಒಂದು ಜಾಸ್ತಿ. ಬೋಲ್ಟ್ ಕೊಡುವುದು 3 ಪೆಟ್ಟು. 2/3 ಸಾಯಬೇಕಿತ್ತು, ಅಲ್ವಾ? ಆದರೆ ಬೋಲ್ಟ್ ತನ್ನ ಕೆಲಸ ಮುಗಿಸಿ ಗ್ರೇವ್‌ಯಾರ್ಡಿಗೆ ಹೋದ ಮೇಲೆಯೇ ಕ್ರೀಚರ್ ಸತ್ತಿದೆಯಾ ಎಂದು ಆಟ ನೋಡುವುದು. ಬೋಲ್ಟ್ ಇನ್‌ಸ್ಟಂಟ್ ಕಾರ್ಡ್. ಅಂದರೆ ಲ್ಯಾಂಡ್, ಕ್ರೀಚರ್ ಆದಮೇಲೆ ಮೂರನೇ ಬಗೆ. ಅಷ್ಟರೊಳಗೆ ಅದು 3/4 ಆಗಿರುತ್ತದೆ, 3 ಪೆಟ್ಟು ತಿಂದರೂ ಬದುಕುತ್ತದೆ. ಟಾರ್ಮೊಗೋಯಿಫ್ 2007ರಲ್ಲಿ ಬಂದಾಗಿನಿಂದ ಈ ಗುಂಡಿಗೆ ಬಿದ್ದವರು ನೀವೊಬ್ಬರೇ ಅಲ್ಲ ಬಿಡಿ.

ಇದೆಲ್ಲ ನಿಮ್ಮ ಎದುರಾಳಿಗೆ ಗೊತ್ತಿದ್ದಿರಬಹುದು. ಗೊತ್ತಿದ್ದೇ ಸುಮ್ನೆ ಕೂತಿದ್ದಿರಬಹುದು. ಅವರು ಕಲಿತು ಗಳಿಸಿಕೊಂಡಿದ್ದನ್ನು ಜಡ್ಜ್ ಪುಕ್ಕಟೆಯಾಗಿ ನಿಮ್ಮ ಕೈಗಿಟ್ಟರೆ, ಇಬ್ಬರು ಸೇರಿ ಒಬ್ಬರ ವಿರುದ್ಧ ಆಡಿದ ಹಾಗಾಗುತ್ತದೆ. ನೀವು ಕೇಳಿದ್ದು ‘ಹಾಕಬಹುದಾ’ ಎಂದು. ನಿಯಮದ ಪ್ರಕಾರ ಹಾಕಬಹುದು. ‘ಹಾಕಿದರೆ ಏನಾಗುತ್ತೆ’ ಬೇರೆ ಪ್ರಶ್ನೆ, ‘ಹಾಕಲಾ’ ಇನ್ನೊಂದು. ಆ ಕೊನೆಯದಕ್ಕೆ ಯಾವ ಜಡ್ಜೂ ಉತ್ತರ ಕೊಡುವುದಿಲ್ಲ.

ಮಾತೇ ಆಡಬೇಕೆಂದಿಲ್ಲ. ‘ಹಾಕಬಹುದು...’ ಎಂದು ಸ್ವಲ್ಪ ರಾಗ ಎಳೆದರೂ ಸಾಕು, ಹುಬ್ಬು ಏರಿಸಿದರೂ ಸಾಕು, ನೀವು ಕಾರ್ಡ್ ವಾಪಸ್ ಕೈಗೆ ಸೇರಿಸಿಬಿಡುತ್ತಿದ್ದಿರಿ. ಅದೂ ಕೋಚಿಂಗೇ, ಅಂದರೆ ಹೊರಗಿನಿಂದ ಆಟ ಹೇಳಿಕೊಟ್ಟ ಹಾಗೇ. ಅದಕ್ಕೇ ಅನುಭವಿ ಜಡ್ಜುಗಳು ಜಾಣ ಆಟಕ್ಕೂ ಪೆದ್ದು ಆಟಕ್ಕೂ ಒಂದೇ ಮುಖ ಇಟ್ಟುಕೊಂಡಿರುತ್ತಾರೆ. ನೋಡುವವರಿಗೆ ಕಲ್ಲುಮುಖ ಅನ್ನಿಸುತ್ತೆ, ಒಪ್ಪುತ್ತೇನೆ. ಅದನ್ನು ರೂಢಿಸಿಕೊಳ್ಳುವುದು ನಿಯಮ ಬಾಯಿಪಾಠ ಮಾಡುವುದಕ್ಕಿಂತ ಕಷ್ಟ ಅಂತ ನನ್ನ ಅನಿಸಿಕೆ.

ಹಾಗಂತ ಅವರು ಎಲ್ಲವನ್ನೂ ಮುಚ್ಚಿಡುವುದಿಲ್ಲ. ಯಾರ ಲೈಫ್ ಎಷ್ಟು, ಯಾರ ಸರದಿ, ಮೇಜಿನ ಮೇಲಿರುವ ಕಾರ್ಡಿನ ಹೆಸರೇನು ಎಂಬುದನ್ನು ಕೇಳಿದರೆ ಹೇಳುತ್ತಾರೆ. ಕಾರ್ಡಿನ ಅಧಿಕೃತ ಪಠ್ಯವನ್ನೂ ತೋರಿಸುತ್ತಾರೆ. ‘ಈಗ ಟಾರ್ಮೊಗೋಯಿಫ್ ಎಷ್ಟು ದೊಡ್ಡದು?’ ಎಂಬಂಥದ್ದು ಮಾತ್ರ ಸ್ಪರ್ಧಾತ್ಮಕ ಹಂತದ ಟೂರ್ನಮೆಂಟಿನಲ್ಲಿ ನಿಮ್ಮದೇ ಲೆಕ್ಕ. ಎದುರಾಳಿ ಅದಕ್ಕೆ ಉತ್ತರ ಕೊಡದೆ ಇರಬಹುದು, ಸುಳ್ಳು ಹೇಳುವಂತಿಲ್ಲ. ಹೊಸಬರು ಬರುವ ಸಾಮಾನ್ಯ ಹಂತದ ಆಟಗಳಲ್ಲಿ ಇಷ್ಟು ಬಿಗಿ ಇಲ್ಲ, ಅಲ್ಲಿ ಇಂಥದ್ದನ್ನೂ ಹೇಳುತ್ತಾರೆ. ನೀವು ಆಡಿದ್ದು ಯಾವ ಹಂತದ್ದು ಎಂದು ಬರೆದಿಲ್ಲ. ಸಾಮಾನ್ಯ ಹಂತದ್ದಾಗಿದ್ದರೆ ಜಡ್ಜ್ ಸ್ವಲ್ಪ ಮೆತ್ತಗಾಗಬಹುದಿತ್ತು ಅಂತಲೇ ನಾನೂ ಹೇಳುತ್ತೇನೆ.

ಇನ್ನೊಂದು ವಿಷಯ. ಎದುರಾಳಿಯ ಮುಂದೆ ಕೇಳಿದರೆ ಕೈಯಲ್ಲಿ ಬೋಲ್ಟ್ ಇದೆ ಎಂದು ನೀವೇ ಸಾರಿದ ಹಾಗೆ. ಮೇಜಿನಿಂದ ದೂರ ಹೋಗಿ ಮಾತಾಡಬೇಕು ಎಂದು ಕೇಳಿಕೊಳ್ಳಬಹುದು. ಒಂದು ನಿಮಿಷಕ್ಕಿಂತ ಹೆಚ್ಚು ಹಿಡಿದರೆ ಆ ಸಮಯವನ್ನು ನಿಮ್ಮ ಪಂದ್ಯಕ್ಕೆ ಸೇರಿಸಿಕೊಡುತ್ತಾರೆ. ಉತ್ತರವೇ ತಪ್ಪು ಅನ್ನಿಸಿದರೆ ಹೆಡ್ ಜಡ್ಜ್ ಹತ್ತಿರ ಮೇಲ್ಮನವಿ ಮಾಡಬಹುದು, ಅವರ ಮಾತೇ ಕೊನೆ.

ಮುಂದಿನ ಸಲ ಜಡ್ಜನ್ನು ಪಕ್ಕಕ್ಕೆ ಕರೆದುಕೊಂಡು ಹೋಗಿ ಹೀಗೆ ಕೇಳಿ: ‘ಬೋಲ್ಟ್ ಗ್ರೇವ್‌ಯಾರ್ಡಿಗೆ ಹೋಗುವುದು ಮೊದಲೋ, ಕ್ರೀಚರ್ ಸತ್ತಿದೆಯಾ ಎಂದು ನೋಡುವುದು ಮೊದಲೋ?’ ಅದೇ ಕಲ್ಲುಮುಖದಲ್ಲಿ ಪೂರ್ತಿ ಉತ್ತರ ಸಿಗುತ್ತದೆ.

– ಸಂ.