ಏಟು ಬಿದ್ದದ್ದು ಅಮ್ಮನಿಗೆ, ನನಗೇಕೆ ಹೀಗೆ?

ನಮಸ್ಕಾರ. ನಿಮ್ಮ ಪತ್ರ ಬಂತು. ಹೆಸರು, ಊರು ಹಾಕಬೇಡಿ ಎಂದಿದ್ದೀರಿ, ಹಾಕುವುದಿಲ್ಲ. ಉಳಿದ ಓದುಗರಿಗೆ ವಿಷಯ ತಿಳಿಯಬೇಕಲ್ವಾ, ಅದಕ್ಕೆ ಬೇಕಾದಷ್ಟನ್ನೇ ಇಲ್ಲಿ ಹೇಳುತ್ತೇನೆ. ನಿಮ್ಮ ಅಪ್ಪ ಕುಡಿದು ಬಂದು ಅಮ್ಮನಿಗೆ ಹೊಡೆಯುತ್ತಿದ್ದರು. ನಿಮ್ಮ ಮೇಲೆ ಒಂದು ದಿನವೂ ಕೈ ಮಾಡಲಿಲ್ಲ. ಈಗ ನಿಮಗೆ ಒಳ್ಳೆಯ ಗಂಡ, ಕೆಲಸ, ಆರು ವರ್ಷದ ಮಗಳು ಎಲ್ಲ ಇದ್ದಾರೆ. ಆದರೂ ಯಾರಾದರೂ ಬಾಗಿಲು ಜೋರಾಗಿ ಹಾಕಿದರೆ ಕೈಕಾಲು ತಣ್ಣಗಾಗುತ್ತದೆ. ಗಂಡ ಸುಮ್ನೆ ಕೂತಿದ್ದರೂ ‘ಕೋಪ ಬಂತಾ’ ಎಂದು ನಾಲ್ಕು ಸಲ ಕೇಳುತ್ತೀರಿ. ಹೋದ ತಿಂಗಳು ಹೋಂವರ್ಕ್ ಮಾಡಿಸುವಾಗ ನೀವು ಕೂಗಿದ್ದಕ್ಕೆ ಮಗಳು ಹೆದರಿ ಗೋಡೆಗೆ ಒತ್ತಿಕೊಂಡು ನಿಂತಳು. ಅವತ್ತಿನಿಂದ ನಿಮಗೆ ಸರಿಯಾಗಿ ನಿದ್ದೆ ಇಲ್ಲ. ‘ಏಟು ಬಿದ್ದದ್ದು ಅಮ್ಮನಿಗೆ, ನನಗೇಕೆ ಹೀಗೆ? ನಾನೂ ಅಪ್ಪನ ಹಾಗೇ ಆಗುತ್ತಿದ್ದೇನಾ?’ ಎಂದು ಕೇಳಿದ್ದೀರಿ.

ಏಟು ಬೀಳದಿದ್ದರೂ ಪೆಟ್ಟಾಗುತ್ತದೆ. ಇದನ್ನು ಸಮಾಧಾನಕ್ಕೆ ಹೇಳುತ್ತಿಲ್ಲ. ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ವಿನ್ಸೆಂಟ್ ಫೆಲಿಟಿ ಎಂಬ ಡಾಕ್ಟರು ತೂಕ ಇಳಿಸುವ ಕ್ಲಿನಿಕ್ ನಡೆಸುತ್ತಿದ್ದರು. 1980ರ ದಶಕದಲ್ಲಿ ಅವರೊಂದು ವಿಚಿತ್ರ ಗಮನಿಸಿದರು. ಚೆನ್ನಾಗಿ ತೂಕ ಇಳಿಯುತ್ತಿದ್ದವರೇ ಅರ್ಧಕ್ಕೆ ಬಿಟ್ಟು ಹೋಗುತ್ತಿದ್ದರು. ಯಾಕೆ ಎಂದು ಕೂತು ಕೇಳಿದಾಗ, ಚಿಕ್ಕವರಿದ್ದಾಗ ಲೈಂಗಿಕ ದೌರ್ಜನ್ಯ ಅನುಭವಿಸಿದವರು ಅವರಲ್ಲಿ ಬಹಳ ಮಂದಿ ಇದ್ದರು. ಆಮೇಲೆ ಅವರು ರಾಬರ್ಟ್ ಆಂಡಾ ಎಂಬ ಇನ್ನೊಬ್ಬ ಡಾಕ್ಟರ ಜೊತೆ ಸೇರಿ 1995ರಿಂದ 1997ರವರೆಗೆ 17,000ಕ್ಕೂ ಹೆಚ್ಚು ಜನರನ್ನು ಅವರ ಬಾಲ್ಯದ ಬಗ್ಗೆ ಕೇಳಿದರು. ಅವರ ಪ್ರಶ್ನೆಗಳಲ್ಲಿ ನಿಮ್ಮ ಮನೆಯ ಎರಡು ಸಂಗತಿಗಳು ಬೇರೆ ಬೇರೆಯಾಗಿಯೇ ಇದ್ದವು: ಮನೆಯಲ್ಲಿ ಕುಡುಕರಿದ್ದರಾ, ತಾಯಿಗೆ ಹೊಡೆಯುತ್ತಿದ್ದರಾ. ಮಗು ಕಣ್ಣಾರೆ ಕಂಡದ್ದೂ ಲೆಕ್ಕಕ್ಕೆ ಬಂತು.

1998ರಲ್ಲಿ ಹೊರಬಂದ ಅವರ ವರದಿ ಅನೇಕ ಡಾಕ್ಟರುಗಳ ಕಣ್ಣು ತೆರೆಸಿತು. ಬಾಲ್ಯದಲ್ಲಿ ಅಂಥ ನಾಲ್ಕು ಅಥವಾ ಜಾಸ್ತಿ ಬಗೆಯ ಕೆಟ್ಟ ಅನುಭವ ಇದ್ದವರಲ್ಲಿ ಕುಡಿತ, ಖಿನ್ನತೆ, ಆತ್ಮಹತ್ಯೆಯ ಪ್ರಯತ್ನದ ಅಪಾಯ ಒಂದೂ ಇಲ್ಲದವರಿಗಿಂತ 4ರಿಂದ 12 ಪಟ್ಟು ಹೆಚ್ಚಿತ್ತು. ಹೃದಯದ ಕಾಯಿಲೆ, ಶ್ವಾಸಕೋಶದ ಕಾಯಿಲೆ ಕೂಡ ಜಾಸ್ತಿ. ಆದರೆ ದಯವಿಟ್ಟು ಬೆರಳು ಮಡಚಿ ನಿಮ್ಮ ಲೆಕ್ಕ ಹಾಕಲು ಹೋಗಬೇಡಿ. ಸಾವಿರಾರು ಜನರನ್ನು ಒಟ್ಟಿಗೆ ನೋಡಿದಾಗ ಕಾಣುವ ಚಿತ್ರ ಅದು, ಒಬ್ಬರ ಭವಿಷ್ಯ ಅದರಲ್ಲಿ ಬರೆದಿರುವುದಿಲ್ಲ.

ನಿಮ್ಮ ಪತ್ರದಲ್ಲಿ ನನ್ನನ್ನು ತುಂಬ ಹೊತ್ತು ಹಿಡಿದು ನಿಲ್ಲಿಸಿದ್ದು ಚಪ್ಪಲಿಯ ವಿಷಯ. ಅಪ್ಪ ಮೆಟ್ಟಿಲ ಹತ್ತಿರ ಚಪ್ಪಲಿ ಬಿಡುವ ಸದ್ದಿನಲ್ಲೇ ಅವತ್ತು ಎಷ್ಟು ಕುಡಿದಿದ್ದಾರೆ ಎಂದು ಗೊತ್ತಾಗುತ್ತಿತ್ತು, ತಕ್ಷಣ ತಮ್ಮನನ್ನು ಹಿತ್ತಲಿಗೆ ಕರೆದುಕೊಂಡು ಹೋಗುತ್ತಿದ್ದೆ ಎಂದು ಬರೆದಿದ್ದೀರಿ. ಎಂಟು ವರ್ಷದ ಹುಡುಗಿ! ಆ ಮನೆಯಲ್ಲಿ ಅದು ಬೇಕೇ ಬೇಕಾದ ಜಾಣತನ. ಮಿದುಳಿನಲ್ಲಿ ಅಮಿಗ್ಡಲಾ ಎಂಬ ಬಾದಾಮಿಯಷ್ಟು ಪುಟ್ಟ ಭಾಗವಿದೆ. ಅಪಾಯ ಬಂತು ಎಂದು ಮೊದಲು ಎಚ್ಚರಿಸುವವರ ಸಾಲಿನಲ್ಲಿ ಅದೂ ಒಂದು. ಅದು ಎಚ್ಚರಿಸಿದರೆ ಅಡ್ರಿನಲಿನ್, ಕಾರ್ಟಿಸಾಲ್ ಎಂಬ ಹಾರ್ಮೋನುಗಳು ಮೈಯಲ್ಲಿ ಹರಿಯುತ್ತವೆ, ಎದೆ ಹೊಡೆದುಕೊಳ್ಳುತ್ತದೆ, ಚರ್ಮದಿಂದ ರಕ್ತ ಹಿಂದೆ ಸರಿದು ಕೈ ತಣ್ಣಗಾಗುತ್ತದೆ. ಯಾವಾಗಲೋ ಒಮ್ಮೆ ಆದರೆ ತೊಂದರೆಯಿಲ್ಲ. ದಿನಾ ಸಂಜೆ ಹೀಗೇ ಆದರೆ, ಅದೂ ಮಿದುಳು ಬೆಳೆಯುತ್ತಿರುವ ವಯಸ್ಸಿನಲ್ಲಿ, ಸಣ್ಣ ಸದ್ದಿಗೂ ಎಚ್ಚರವಾಗುವುದನ್ನು ಮೈ ರೂಢಿ ಮಾಡಿಕೊಂಡುಬಿಡುತ್ತದೆ. ಇವತ್ತು ಬಾಗಿಲು ಹಾಕಿದ್ದು ಗಾಳಿ ಎಂದು ನಿಮಗೆ ಗೊತ್ತು, ಆದರೆ ನೀವು ಯೋಚಿಸುವುದಕ್ಕೂ ಮುಂಚೆ ಮೈ ತನ್ನ ಹಳೇ ಕೆಲಸ ಮಾಡಿ ಮುಗಿಸಿರುತ್ತದೆ. ಗಂಡನ ಮುಖ ಮತ್ತೆ ಮತ್ತೆ ನೋಡುವುದೂ ಅದೇ. ‘ನನ್ನ ಸ್ವಭಾವವೇ ಸರಿಯಿಲ್ಲ’ ಎಂದು ಮೂರು ಕಡೆ ಬರೆದುಕೊಂಡಿದ್ದೀರಿ. ಆ ಮಾತನ್ನು ನಾನು ಒಪ್ಪುವುದಿಲ್ಲ.

‘ಆಗ ಯಾರ ಮನೆಯಲ್ಲಿ ಇರಲಿಲ್ಲ, ನೀನೊಬ್ಬಳೇ ದೊಡ್ಡದು ಮಾಡ್ತೀಯ’ ಎನ್ನುತ್ತಾರಂತೆ ನಿಮ್ಮ ಅಮ್ಮ. ಅವರ ಮೇಲೆ ಸಿಟ್ಟು ಬೇಡ, ಅವರೂ ಹಾಗೆ ಹೇಳಿಕೊಂಡೇ ದಿನ ದೂಡಿರಬಹುದು. ಯಾರ ಮನೆಯಲ್ಲಿ ಇರಲಿಲ್ಲ ಎನ್ನುವುದು ಒಂದು ಮಟ್ಟಿಗೆ ನಿಜವೂ ಹೌದು. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 13 ರಾಜ್ಯಗಳಲ್ಲಿ ನಡೆಸಿ 2007ರಲ್ಲಿ ಹೊರತಂದ ಅಧ್ಯಯನದಲ್ಲಿ ಮೂವರಲ್ಲಿ ಇಬ್ಬರು ಮಕ್ಕಳು ಹೊಡೆತ ತಿಂದವರೇ. ಎಲ್ಲರ ಮನೆಯಲ್ಲೂ ಇತ್ತು ಎಂದ ಮಾತ್ರಕ್ಕೆ ಯಾರಿಗೂ ನೋವಾಗಿಲ್ಲ ಎನ್ನಲಾಗುತ್ತದಾ?

ಇನ್ನು ಎರಡನೇ ಪ್ರಶ್ನೆ, ನೀವೂ ಅಪ್ಪನ ಹಾಗೇ ಆಗುತ್ತಿದ್ದೀರಾ ಎಂಬುದು. ರಜೆ ಬಂದರೆ ದೊಡ್ಡಮ್ಮನ ಮನೆಗೆ ಓಡುತ್ತಿದ್ದೆ, ಅವರು ತಲೆಗೆ ಎಣ್ಣೆ ಹಚ್ಚುತ್ತಾ ನಾನು ಹೇಳಿದ್ದನ್ನೆಲ್ಲ ಕೇಳುತ್ತಿದ್ದರು ಎಂದು ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋಗಿದ್ದೀರಿ. ಆ ಸಾಲು ಸಣ್ಣದಲ್ಲ. ಹವಾಯಿಯ ಕೌವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ ಮಕ್ಕಳನ್ನು ಎಮ್ಮಿ ವರ್ನರ್ ಎಂಬ ಮನಶ್ಶಾಸ್ತ್ರಜ್ಞೆ ಮತ್ತು ಅವರ ಜೊತೆಗಾರರು ದಶಕಗಳ ಕಾಲ ಗಮನಿಸಿದರು. ಬಡತನ, ಕುಡಿತ, ಜಗಳದ ಮನೆಗಳಲ್ಲಿ ಬೆಳೆದು ಅಪಾಯದಲ್ಲಿದ್ದ ಮಕ್ಕಳಲ್ಲೂ ಸುಮಾರು ಮೂರನೇ ಒಂದು ಭಾಗ ಚೆನ್ನಾಗಿಯೇ ಬೆಳೆದರು. ಅವರಿಗೆ ಆಸರೆಯಾದದ್ದು ಹಲವು ಸಂಗತಿ. ನೆಚ್ಚಿಕೊಳ್ಳಲು ಒಬ್ಬ ದೊಡ್ಡವರು, ಅಜ್ಜಿಯೋ ಚಿಕ್ಕಮ್ಮನೋ ಟೀಚರೋ, ಇದ್ದದ್ದು ಅದರಲ್ಲಿ ಮುಖ್ಯ. ನಿಮಗೆ ದೊಡ್ಡಮ್ಮ ಇದ್ದರು. ನಿಮ್ಮ ಮಗಳಿಗೆ ನೀವಿದ್ದೀರಿ.

ಅವಳ ಹತ್ತಿರ ಹೋಗಿ ಕೂತು, ‘ಅವತ್ತು ಅಮ್ಮ ಕೂಗಿದ್ದು ತಪ್ಪು, ನಿನ್ನ ತಪ್ಪಲ್ಲ’ ಎಂದು ಹೇಳಿ. ಒಂದು ತಿಂಗಳಾಯಿತು, ಮರೆತಿರುತ್ತಾಳೆ ಎಂದುಕೊಳ್ಳಬೇಡಿ. ನಿಮ್ಮ ಅಪ್ಪ ಹೀಗೆ ಒಂದು ಸಲವಾದರೂ ಬಂದು ಹೇಳಿದ್ದರೆ ಎಂದು ಯೋಚಿಸಿ ನೋಡಿ. ಮತ್ತೆ ಕೋಪ ಏರುವಾಗ ಪುಸ್ತಕ ಮುಚ್ಚಿ ಎದ್ದು ಹೊರಗೆ ಹೋಗಿ, ಲೆಕ್ಕ ನಾಳೆ ಮಾಡಿದರಾಯಿತು.

ನಿದ್ದೆ ಇಲ್ಲದ್ದಕ್ಕೆ ಮಾತ್ರ ಪತ್ರ ಸಾಲದು. 14416ಕ್ಕೆ ಫೋನ್ ಮಾಡಿ, ಅದು ಟೆಲಿ-ಮಾನಸ್, 2022ರಲ್ಲಿ ಶುರುವಾದ ಸರ್ಕಾರದ ಸಹಾಯವಾಣಿ. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಜಿಲ್ಲಾ ಆಸ್ಪತ್ರೆಯಲ್ಲೂ ಮಾನಸಿಕ ಆರೋಗ್ಯದ ಡಾಕ್ಟರನ್ನು ವಿಚಾರಿಸಿ. ಇಂಥ ಹಳೆಯ ಭಯಕ್ಕೇ ಇರುವ ಚಿಕಿತ್ಸೆಗಳಿವೆ, ಅನೇಕರಿಗೆ ಗುಣ ಕಂಡಿದೆ.

ಕೊನೆಗೆ ಅಪ್ಪನ ವಿಷಯ. ಕುಡಿತ ಬಿಟ್ಟಿದ್ದಾರೆ, ಮೊಮ್ಮಗಳನ್ನು ಮುದ್ದು ಮಾಡುತ್ತಾರೆ, ಅದನ್ನು ನೋಡಿದರೆ ಸಂತೋಷದ ಜೊತೆ ಹೊಟ್ಟೆ ಉರಿಯುತ್ತದೆ ಎಂದಿದ್ದೀರಿ. ಎರಡೂ ನಿಜವಾಗಿರಬಹುದು. ಅವರನ್ನು ಕ್ಷಮಿಸಲೇಬೇಕಾ ಎಂದರೆ, ಬೇಕಿಲ್ಲ. ಕ್ಷಮಿಸಿದರೆ ಮಾತ್ರ ನೀವು ಸರಿಹೋಗುತ್ತೀರಿ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಮುಂದೆ ಮನಸ್ಸಾದರೆ ಆಗ ನೋಡೋಣ. ಈ ದೀಪಾವಳಿಗೆ ಅವರು ತಿಂಗಳಿಡೀ ಬಂದಿರುತ್ತೇನೆ ಎಂದಿದ್ದಾರಲ್ಲ, ನಾಲ್ಕು ದಿನ ಸಾಕು ಅನ್ನಿಸಿದರೆ ನಾಲ್ಕೇ ದಿನ ಎಂದು ಈಗಲೇ ಫೋನಿನಲ್ಲಿ ಹೇಳಿಬಿಡಿ. ಅದಕ್ಕೂ ಮುಂಚೆ ಗಂಡನಿಗೆ ಚಪ್ಪಲಿಯ ಸದ್ದಿನ ವಿಷಯ ತಿಳಿಸಿ, ಇಲ್ಲಿವರೆಗೆ ಅವರಿಗೆ ಹೇಳಿಲ್ಲ ಎಂದಿದ್ದೀರಿ.